ಗಂಗಣ್ಣ ಕುಡಿಯದ ದಿನ

ಮುತ್ತಮ್ಮನ ಮೊಮ್ಮಗಳು ಎಸ್ಸೆಸ್ಸೆಲ್ಸಿಯಲ್ಲಿ ಫಸ್ಟ್ ಕ್ಲಾಸ್ ಬಂದದ್ದಕ್ಕೂ ಎದುರುಮನೆಯ ಗಂಗಣ್ಣನ ಮಾನ ಹೋದದ್ದಕ್ಕೂ ಏನು ಸಂಬಂಧ ಎಂದು ಕೇಳಿದರೆ, ನಡುವೆ ಒಂದು ಲಾಡು ಇದೆ ಎಂದಷ್ಟೇ ಹೇಳಬೇಕು.

ಬೆಳಿಗ್ಗೆ ಗಂಗಣ್ಣ ಹಾಲಿನ ಕ್ಯಾನು ಹಿಡಿದು ಡೈರಿಗೆ ಹೊರಟಿದ್ದ. ಮುತ್ತಮ್ಮ ತಟ್ಟೆ ಹಿಡಿದುಕೊಂಡು ಜಗಲಿಯಿಂದ ಇಳಿದು ಬಂದು ದಾರಿಗೆ ಅಡ್ಡ ನಿಂತಳು. ಲಾಡು ತಿನ್ನು ಎಂದಳು. ಗಂಗಣ್ಣ ಬೇಡ ಎಂದ. ಶುಗರ್ರಾ ಎಂದು ಕೇಳಿದಳು. ಅಲ್ಲ ಎಂದ. ಉಪವಾಸವಾ ಎಂದಳು. ಅದೂ ಅಲ್ಲ ಎಂದ. ಮತ್ತಿನ್ನೇನು ರೋಗ ಎಂದಳು. ಅದನ್ನು ಮಾತ್ರ ಹೇಳುವ ಹಾಗಿರಲಿಲ್ಲ. ಬೇರೆ ಯಾವುದಾದರೂ ನೆಪ ಹೇಳೋಣವೆಂದು ಅವನು ಬಾಯಿ ತೆರೆದದ್ದೇ ತಪ್ಪಾಯಿತು. ಮುತ್ತಮ್ಮ ಲಾಡನ್ನು ಇಡಿಯಾಗಿ ಒಳಗೆ ತುರುಕಿ, ಗದ್ದ ಹಿಡಿದು ಬಾಯಿ ಮುಚ್ಚಿದಳು.

"ಮಗಳನ್ನ ಕೇಳಕ್ಕೆ ಇವತ್ತು ಬೀಗರು ಬರ್ತಾವ್ರೆ. ಇಂಥಾ ದಿನ ಸಿಹಿ ಬ್ಯಾಡ ಅಂತಾರೇನಪ್ಪಾ?" ಎಂದಳು.

ಗಂಗಣ್ಣ ನುಂಗಿದ. ಮಗಳ ಹೆಸರು ಹೇಳಿ ಕೊಟ್ಟರೆ ಅವನು ಮೊಳೆಯನ್ನಾದರೂ ನುಂಗುವವನು.

ಹೇಳುವ ಹಾಗಿಲ್ಲದ ಸಂಗತಿ ಇಷ್ಟು. ಹೋದ ವರ್ಷದವರೆಗೆ ಗಂಗಣ್ಣ ತನ್ನೂರು ಆವತಿಯ ಸುತ್ತಮುತ್ತಲಿಗೇ ಅತಿ ದಪ್ಪನೆಯ ಮನುಷ್ಯ. ಏರ್‌ಪೋರ್ಟ್ ಬರುತ್ತದೆ ಎಂದಾದ ಮೇಲೆ ರಸ್ತೆ ಬದಿಯ ಅವನ ಜಮೀನು ಹೋಯಿತು, ದುಡ್ಡು ಬಂತು. ದುಡ್ಡಿನ ಹಿಂದೆ ಸ್ನೇಹಿತರು ಬಂದರು, ಸ್ನೇಹಿತರ ಹಿಂದೆ ಬಾಟಲಿ ಬಂತು, ಬಾಟಲಿಯ ಹಿಂದೆ ಕಬಾಬು ಬಂತು. ವಿಮಾನಗಳು ಹಾರಲು ಶುರುವಾಗುವ ಹೊತ್ತಿಗೆ ಗಂಗಣ್ಣ ಸ್ಕೂಟರ್ ಹತ್ತಿದರೆ ಹಿಂದಿನ ಚಕ್ರ ಯಾರಿಗೂ ಕಾಣುತ್ತಿರಲಿಲ್ಲ. ಮಂಡಿ ಸೋತಿತು, ಮಲಗಿದರೆ ಉಸಿರು ಕಟ್ಟುತ್ತಿತ್ತು. ಕೊನೆಗೆ ಬೆಂಗಳೂರಿನ ಡಾಕ್ಟರೊಬ್ಬರು ಅವನ ಹೊಟ್ಟೆಯಲ್ಲಿ ಕೋಳಿಮೊಟ್ಟೆಯಷ್ಟು ಜಾಗ ಮಾತ್ರ ಉಳಿಸಿ, ಅಲ್ಲಿಂದ ಕರುಳಿಗೆ ನೇರ ದಾರಿ ಜೋಡಿಸಿದರು. ದೇವನಹಳ್ಳಿಗೆ ಬೈಪಾಸ್ ಮಾಡಿದ ಹಾಗೆಯೇ ಇದು, ತಿಂದದ್ದು ಊರೊಳಗೆ ಬರದೆ ಹೊರಗಿಂದಲೇ ಹೋಗುತ್ತದೆ ಎಂದು ಅವರೇ ಬಿಡಿಸಿ ಹೇಳಿದರು.

ಜೊತೆಗೆ ಎರಡು ಎಚ್ಚರಿಕೆ ಕೊಟ್ಟರು. ಸಿಹಿ ತಿಂದರೆ ಅದು ನಿಲ್ಲದೆ ಕರುಳಿಗೆ ನುಗ್ಗುತ್ತದೆ. ಎದೆ ಹೊಡೆದುಕೊಳ್ಳುತ್ತದೆ, ಬೆವರು ಕಿತ್ತುಕೊಳ್ಳುತ್ತದೆ, ಕಾಲು ನೆಲದ ಮೇಲೆ ನಿಲ್ಲುವುದಿಲ್ಲ. ಇನ್ನು ಕುಡಿತವಂತೂ ನೇರ ರಕ್ತಕ್ಕೆ. ಒಂದು ಪೆಗ್ ನಾಲ್ಕು ಪೆಗ್ಗಿನ ಕೆಲಸ ಮಾಡುತ್ತದೆ, ಲಿವರ್ ಆಗಲೇ ಅರ್ಧ ಕೆಟ್ಟಿದೆ, ಮುಟ್ಟಲೇಬೇಡಿ. ಆಮೇಲೆ ಅವನ ಹೆಂಡತಿ ಅನುಸೂಯಮ್ಮನನ್ನು ಪಕ್ಕಕ್ಕೆ ಕರೆದು, ಆಪರೇಷನ್ ಆದವರಲ್ಲಿ ಕೆಲವರಿಗೆ ಊಟದ ಚಪಲ ಹೋಗಿ ಬಾಟಲಿಯ ಚಪಲ ಹತ್ತುತ್ತದೆ, ಒಂದು ಕಣ್ಣಿಟ್ಟಿರಿ ಎಂದರು. ಅನುಸೂಯಮ್ಮ ಎರಡೂ ಕಣ್ಣಿಟ್ಟಿದ್ದಳು, ಮೂಗನ್ನೂ ಇಟ್ಟಿದ್ದಳು.

ಆವತ್ತಿನಿಂದ ಗಂಗಣ್ಣ ಒಂದು ಹನಿ ಮುಟ್ಟಿರಲಿಲ್ಲ. ಸಂಜೆಯಾದರೆ ಕೈ ನಡುಗುತ್ತಿತ್ತು, ಹಳೆಯ ಸ್ನೇಹಿತರ ಬೈಕು ಬಾರಿನ ಕಡೆ ತಿರುಗುವ ಸದ್ದು ಮನೆಯೊಳಗೇ ಕೇಳುತ್ತಿತ್ತು. ಆದರೂ ತಡೆದುಕೊಂಡಿದ್ದ. ಆಪರೇಷನ್ ಆದದ್ದನ್ನು ಮಾತ್ರ ಯಾರಿಗೂ ಹೇಳಕೂಡದೆಂದು ಹೆಂಡತಿಯ ಆಣೆಯಾಗಿತ್ತು. ಅಪ್ಪನ ಹೊಟ್ಟೆ ಕೊಯ್ದಿದ್ದಾರೆ ಎಂದು ಗೊತ್ತಾದರೆ ಮಗಳಿಗೂ ಏನೋ ಇದೆ ಅನ್ನುತ್ತಾರೆ, ಬಂದ ಸಂಬಂಧ ವಾಪಸ್ಸು ಹೋಗುತ್ತದೆ ಎಂಬುದು ಅವಳ ಲೆಕ್ಕ. ಹಾಗಾಗಿ ಊರಿಗೆಲ್ಲ ಹೇಳಿದ್ದು, ಪ್ರಕೃತಿ ಚಿಕಿತ್ಸೆ ಮಾಡಿಸಿಕೊಂಡು ಬಂದ ಎಂದು.

ಆ ಸಂಬಂಧವೇ ಇವತ್ತು ಬರುವುದಿತ್ತು. ಮಗಳು ರಮ್ಯ ಏರ್‌ಪೋರ್ಟಿನ ಕೌಂಟರಿನಲ್ಲಿ ಕೆಲಸದಲ್ಲಿದ್ದಳು. ಅಲ್ಲಿಯೇ ಕಾರ್ಗೋದಲ್ಲಿದ್ದ ತೂಬಗೆರೆಯ ಸುನಿಲ್‌ಕುಮಾರ್ ಅವಳಿಗೆ ಒಪ್ಪಿಗೆಯಾಗಿದ್ದ. ಜಾತಿ ಒಂದೇ ಆಗಿತ್ತು, ಜಾತಕವೂ ಕೂಡಿತ್ತು. ಇನ್ನು ಹುಡುಗನ ಅಪ್ಪ ಆದಿನಾರಾಯಣಪ್ಪ ಬಂದು ಎಲೆ ಅಡಿಕೆ ಬದಲಾಯಿಸಿದರೆ ಮಾತು ಮುಗಿದಂತೆ. ಆದರೆ ಆ ಮನುಷ್ಯ ಒಂದು ಹಠ ಹಿಡಿದಿದ್ದ. ಹೆಣ್ಣು ಹೇಗಿದ್ದರೂ ಸರಿ, ಹೆಣ್ಣಿನ ಅಪ್ಪ ಎಂಥವನು ಎಂದು ನಾನು ಕಣ್ಣಾರೆ ನೋಡಬೇಕು, ನನಗೆ ಹಿಡಿಸದಿದ್ದರೆ ಎದ್ದು ಬರುತ್ತೇನೆ ಎಂದಿದ್ದ. ಮನೆಯಲ್ಲಿ ಮೂವರೂ ಇದರ ಅರ್ಥ ಒಂದೇ ಎಂದುಕೊಂಡಿದ್ದರು. ಗಂಗಣ್ಣನ ಹಳೆಯ ಕುಡಿತದ ಸುದ್ದಿ ತೂಬಗೆರೆಗೆ ಮುಟ್ಟಿದೆ.

ಲಾಡು ಕೆಲಸ ಶುರು ಮಾಡಿದ್ದು ಡೈರಿಯ ಮುಂದೆ. ಸಾಲಿನಲ್ಲಿ ನಿಂತಿದ್ದಾಗ ಮೊದಲು ಕಿವಿ ಬಿಸಿಯಾಯಿತು, ಆಮೇಲೆ ಎದೆ ಹೊಡೆದುಕೊಂಡಿತು. ಅಂಗಿ ನೆನೆಯಿತು. ಗಂಗಣ್ಣ ತನ್ನ ಕ್ಯಾನಿನ ಮೇಲೆಯೇ ಕೂತುಕೊಳ್ಳಲು ಹೋದ. ಕ್ಯಾನು ಉರುಳಿತು, ಅವನೂ ಉರುಳಿದ. ಹಾಲು ಡೈರಿಯ ಮೆಟ್ಟಿಲಿನಿಂದ ಇಳಿದು ಚರಂಡಿಯವರೆಗೆ ಹೋಯಿತು.

ಡೈರಿ ಸೆಕ್ರೆಟರಿ ಮೂರ್ತಿ ಹಾಲು ಅಳೆಯುವುದನ್ನು ಬಿಟ್ಟು ಬಂದು ಬಗ್ಗಿ ನೋಡಿದ. "ಏನಣ್ಣೋ, ಹೊತ್ತು ಹುಟ್ಟೋದನ್ನೂ ಕಾಯ್ಲಿಲ್ವಾ?" ಎಂದ. ಸಾಲು ಗೊಳ್ಳೆಂದಿತು.

ಈ ಮೂರ್ತಿ ಯಾರು ಎಂದು ಇಲ್ಲಿಯೇ ಹೇಳಿಬಿಡಬೇಕು. ಗಂಗಣ್ಣನ ಕೈಯಲ್ಲಿ ದುಡ್ಡಿದ್ದ ಕಾಲದಲ್ಲಿ ಇವನು ಪ್ರತಿ ಸಂಜೆಯೂ ಅವನ ಎದುರಿನ ಕುರ್ಚಿಯಲ್ಲಿ ಕೂತು ಅವನ ಖರ್ಚಿನಲ್ಲೇ ಕುಡಿದವನು. ಆಗ ಗಂಗಣ್ಣ ನಿಜವಾಗಿಯೇ ಕುಡಿದು ಚರಂಡಿಯ ಪಕ್ಕ ಬಿದ್ದಿದ್ದರೆ ಇದೇ ಮೂರ್ತಿ ಇನ್ನೊಂದು ಕ್ವಾರ್ಟರ್ ಕೊಡಿಸು ಎಂದು ಎಬ್ಬಿಸುತ್ತಿದ್ದ. ಕುಡಿಯಬೇಡ ಎಂದು ಈ ಊರಿನ ಒಂದು ನರಪಿಳ್ಳೆಯೂ ಆಗ ಹೇಳಲಿಲ್ಲ. ಕುಡಿಯುವುದನ್ನು ಬಿಟ್ಟ ಮೇಲೆ ಮಾತ್ರ ಎಲ್ಲರಿಗೂ ಅವನ ಕುಡಿತದ ಚಿಂತೆ ಹತ್ತಿತ್ತು.

ಗಂಗಣ್ಣ ಕುಡಿದಿಲ್ಲ ಎಂದ. ನಾಲಿಗೆ ಒಣಗಿ ಅಂಟಿಕೊಂಡಿದ್ದರಿಂದ ಆ ಮಾತು ಅರ್ಧ ಮಾತ್ರ ಹೊರಗೆ ಬಂತು. ಮತ್ತೆ ಗಟ್ಟಿಯಾಗಿ ಹೇಳಿದ. ಗಟ್ಟಿಯಾಗಿ ಹೇಳಿದ್ದಕ್ಕೆ ಜಗಳಕ್ಕೆ ಬಂದ ಎಂದರು. ಸಿಟ್ಟಿನಿಂದ ಎದ್ದು ನಿಂತ, ನಿಂತವನು ವಾಲಿದ. ವಾಲಿದ್ದಕ್ಕೆ ಪಾಪ ತೀರಾ ಜಾಸ್ತಿಯಾಗಿದೆ ಎಂದರು. ಆ ಊರಿನಲ್ಲಿ ಕುಡಿಯದವನೊಬ್ಬ ಕುಡಿದಿಲ್ಲ ಎಂದು ತೋರಿಸಿಕೊಳ್ಳಲು ಯಾವ ದಾರಿಯೂ ಇರಲಿಲ್ಲ.

"ಕುಡ್ದಿಲ್ಲ ಕಣೋ ಮೂರ್ತಿ. ನನ್ನ ಮಗಳಾಣೆಗೂ ಕುಡ್ದಿಲ್ಲ."

"ಆಯ್ತಣ್ಣ, ಕುಡ್ದಿಲ್ಲ. ಕುಡ್ದೋರು ಯಾವತ್ತು ಕುಡ್ದಿದೀನಿ ಅಂದವ್ರೆ? ಬೀಗರು ಬರೋಷ್ಟರಲ್ಲಿ ಇಳಿಸ್ಬುಡಾಣ ಬಾ."

ಇಳಿಸುವುದಕ್ಕೆ ಊರಿಗೆ ಗೊತ್ತಿದ್ದ ಮದ್ದು ಒಂದೇ. ನಿಂಬೆಹಣ್ಣಿನ ಪಾನಕ. ಹೋಟೆಲಿನಿಂದ ದೊಡ್ಡ ಲೋಟದ ತುಂಬ ತರಿಸಿದರು. ಹುಳಿ ಜಾಸ್ತಿಯಾದರೆ ಕುಡಿಯುವುದಿಲ್ಲವೆಂದು ಮೂರ್ತಿ ತಾನೇ ನಿಂತು ಎರಡು ಹಿಡಿ ಸಕ್ಕರೆ ಹಾಕಿಸಿದ. ಸಕ್ಕರೆ ಕಂಡು ಗಂಗಣ್ಣ ಹಲ್ಲು ಕಚ್ಚಿದ. ಇಬ್ಬರು ಕೈ ಹಿಡಿದರು, ಒಬ್ಬ ಮೂಗು ಹಿಡಿದ. ಉಸಿರಿಗಾಗಿ ಬಾಯಿ ಬಿಟ್ಟಾಗ ಪಾನಕ ಗಟಗಟನೆ ಇಳಿಯಿತು. ಹಿಡಿದವರೆಲ್ಲ ಪುಣ್ಯದ ಕೆಲಸ ಮಾಡಿದ ಮುಖ ಹೊತ್ತು ಹಿಂದೆ ಸರಿದು ನಿಂತರು.

ಲಾಡಿನ ಪ್ರತಾಪ ಆಗಷ್ಟೇ ಇಳಿಯುತ್ತಿತ್ತು. ಈಗ ಪಾನಕದ ಪ್ರತಾಪ ಶುರುವಾಯಿತು. ಗಂಗಣ್ಣ ಡೈರಿಯ ಕಂಬ ತಬ್ಬಿಕೊಂಡು, ಊರಿನವರ ಮೂರು ತಲೆಮಾರನ್ನು ಹೆಸರು ಹಿಡಿದು ಬೈದ. ಅವನ ಜೀವಮಾನದಲ್ಲೇ ಅಷ್ಟು ಸಿಟ್ಟು ಬಂದಿರಲಿಲ್ಲ. ಬೈದದ್ದರಲ್ಲಿ ಒಂದು ಮಾತೂ ಸುಳ್ಳಿರಲಿಲ್ಲ. ಆದರೆ ಕಂಬ ತಬ್ಬಿಕೊಂಡು ಹೇಳಿದ ಸತ್ಯಕ್ಕೆ ಯಾರು ಬೆಲೆ ಕೊಡುತ್ತಾರೆ? ಪಾನಕಕ್ಕೂ ಬಗ್ಗದ ಅಮಲು ಎಂದರೆ ಅದು ನಾಟಿ ಸರಕೇ ಇರಬೇಕು ಎಂದು ಹಿರಿಯರೊಬ್ಬರು ತೀರ್ಮಾನ ಕೊಟ್ಟರು.

ಬೈಕಿನ ಮೇಲೆ ಇಬ್ಬರ ಮಧ್ಯೆ ಅವನನ್ನು ಸಿಕ್ಕಿಸಿ ಮನೆಗೆ ತಂದರು. ಬಾಗಿಲಿಗೆ ತೋರಣ ಕಟ್ಟುತ್ತಿದ್ದ ಅನುಸೂಯಮ್ಮ ಸ್ಟೂಲಿನಿಂದ ಇಳಿದು ಬಂದು ಅವನ ಬಾಯಿಗೆ ಮೂಗು ಹಿಡಿದಳು. ಆಪರೇಷನ್ ಆದಂದಿನಿಂದ ಅವನ ಬಾಯಿಯಲ್ಲಿ ಕೊಳೆತ ಹಣ್ಣಿನಂಥ ಒಂದು ವಾಸನೆ ಇತ್ತು. ಊಟ ಕಡಿಮೆಯಾಗಿ ಮೈಯ ಕೊಬ್ಬೇ ಕರಗುವಾಗ ಹಾಗೆ ಬರುತ್ತದೆ ಎಂದು ಡಾಕ್ಟರು ಹೇಳಿದ್ದರು. ಅನುಸೂಯಮ್ಮ ಆ ಮಾತನ್ನು ಒಂದು ವರ್ಷವಾದರೂ ಪೂರಾ ನಂಬಿರಲಿಲ್ಲ, ಇವತ್ತಂತೂ ನಂಬಲಿಲ್ಲ.

ಗಂಗಣ್ಣ ಅವಳ ಕಿವಿಯಲ್ಲಿ ಲಾಡಿನ ಕತೆ ಹೇಳಿದ. ಅವಳು ಎದುರುಮನೆಗೆ ಹೋಗಿ ಮುತ್ತಮ್ಮನನ್ನು ಕೇಳಿದಳು. ಲಾಡು ಕೊಟ್ಟದ್ದು ನಿಜ ಎಂದು ಮುತ್ತಮ್ಮ ಒಪ್ಪಿಕೊಂಡಳು. ಆದರೆ ಲಾಡು ತಿಂದು ಯಾರಾದರೂ ಚರಂಡಿಗೆ ಬೀಳುತ್ತಾರೆಯೇ, ನನ್ನ ಮೊಮ್ಮಗಳ ಫಸ್ಟ್ ಕ್ಲಾಸಿನ ಲಾಡಿಗೆ ಹೆಸರು ಇಡುತ್ತೀಯಾ ಎಂದು ಬೀದಿಗೆ ಕೇಳುವ ಹಾಗೆ ಜಗಳಕ್ಕೆ ನಿಂತಳು. ಬೀಳುತ್ತಾರೆ, ನನ್ನ ಗಂಡನ ಹೊಟ್ಟೆ ಕೋಳಿಮೊಟ್ಟೆಯಷ್ಟಿದೆ ಎಂದು ಅನುಸೂಯಮ್ಮ ಹೇಳಬಹುದಿತ್ತು. ಹೇಳಲಿಲ್ಲ. ಬಾಯಿಗೆ ಸೆರಗು ಒತ್ತಿಕೊಂಡು ವಾಪಸ್ಸು ಬಂದಳು.

ಅಷ್ಟರಲ್ಲಿ ಮೂರ್ತಿ ಇನ್ನೊಂದು ಉಪಕಾರ ಮಾಡಿದ್ದ. ಊರಿನ ಕ್ಲಿನಿಕ್ಕಿನ ಕಾಂಪೌಂಡರನ್ನು ಕರೆತಂದಿದ್ದ. ಕಾಂಪೌಂಡರು ನಾಡಿ ಹಿಡಿದು, ಕಣ್ಣು ಬಿಡಿಸಿ ನೋಡಿ, ಸುಸ್ತಾಗಿದೆ ಎಂದು ಒಂದು ಇಡೀ ಪೊಟ್ಟಣ ಗ್ಲೂಕೋಸ್ ನೀರಿಗೆ ಸುರಿದು ಕಲಸಿದರು. ಅನುಸೂಯಮ್ಮ ಲೋಟಕ್ಕೆ ಕೈ ಅಡ್ಡ ಹಿಡಿದಳು. ಬೇಡ ಎಂದಳು. ಯಾಕೆ ಬೇಡ ಎಂದು ಕಾಂಪೌಂಡರು ಕೇಳಿದರು. ನಡುಮನೆಯಲ್ಲಿ ಅರ್ಧ ಊರು ನಿಂತಿತ್ತು, ಮುತ್ತಮ್ಮನೂ ಇದ್ದಳು. ಅನುಸೂಯಮ್ಮ ತಲೆ ತಗ್ಗಿಸಿ ಪಕ್ಕಕ್ಕೆ ಸರಿದಳು. ಗ್ಲೂಕೋಸ್ ಒಳಗೆ ಹೋಯಿತು.

ಬಾಗಿಲ ಹತ್ತಿರ ರಮ್ಯ ಬಂದು ನಿಂತಿದ್ದಳು. ಹೊಸ ಸೀರೆ ಉಟ್ಟು ಮಲ್ಲಿಗೆ ಮುಡಿದಿದ್ದಳು, ಕಣ್ಣು ಮಾತ್ರ ತುಂಬಿತ್ತು. ಅಪ್ಪನ ಆಪರೇಷನ್ ಆದಾಗ ಆಸ್ಪತ್ರೆಯಲ್ಲಿ ಪಕ್ಕದಲ್ಲೇ ಮಲಗಿದ್ದವಳು, ಚಮಚೆಯಲ್ಲಿ ಗಂಜಿ ಕುಡಿಸಿದವಳು. ಲಾಡಿನ ಕತೆ ಅವಳೂ ಕೇಳಿದ್ದಳು.

"ಇವತ್ತೊಂದು ದಿನ ತಡ್ಕೊಬೋದಿತ್ತಲ್ಲಪ್ಪಾ," ಎಂದಳು.

ಊರೆಲ್ಲ ಅಂದದ್ದು ಒಂದು ತೂಕ, ಈ ಮಾತು ಒಂದು ತೂಕ. ಗಂಗಣ್ಣನಿಗೆ ಅಳು ಬಂತು, ಅಳುವಿನ ಮೇಲೆ ಸಿಟ್ಟು ಬಂತು. ಇವಳೂ ನಂಬಲಿಲ್ಲವಲ್ಲ. ಒಂದು ವರ್ಷ ನಾಲಿಗೆ ಕಟ್ಟಿ, ನಿದ್ದೆ ಕೆಟ್ಟು, ಹಲ್ಲು ಕಚ್ಚಿಕೊಂಡು ಬದುಕಿದ್ದು ಯಾರಿಗಾಗಿ? ಎದ್ದು ನಿಂತು ಎಲ್ಲವನ್ನೂ ಹೇಳಿಬಿಡೋಣವೆಂದುಕೊಂಡ. ಎದ್ದ. ಗ್ಲೂಕೋಸ್ ಅವನನ್ನು ಹಿಡಿದು ಮತ್ತೆ ಕುರ್ಚಿಗೆ ಕೂರಿಸಿತು. ಅದೇ ಹೊತ್ತಿಗೆ ಬೀದಿಯಲ್ಲಿ ಕಾರು ನಿಂತ ಸದ್ದಾಯಿತು.

ಆದಿನಾರಾಯಣಪ್ಪ ಹುರಿಮೀಸೆಯ ಎತ್ತರದ ಮನುಷ್ಯ. ಬಿಳಿ ಪಂಚೆ, ಬಿಳಿ ಅಂಗಿ, ಹೆಗಲ ಮೇಲೆ ಮಡಿಸಿದ ಟವಲು. ಹಿಂದೆ ಹೆಂಡತಿ ಲಕ್ಷ್ಮೀದೇವಮ್ಮ, ಅವಳ ಹಿಂದೆ ಹೊಸ ಅಂಗಿಯಲ್ಲಿ ಬೆವರುತ್ತಿದ್ದ ಸುನಿಲ್‌ಕುಮಾರ್. ಹೆಂಗಸರು ಒಳಗೆ ಹೋದರು. ಮುತ್ತಮ್ಮ ಲಕ್ಷ್ಮೀದೇವಮ್ಮನ ಪಕ್ಕದಲ್ಲೇ ಚಾಪೆಯ ಮೇಲೆ ಕೂತು, ಹುಡುಗಿ ಬಂಗಾರದಂಥವಳು, ಅಪ್ಪನದೊಂದು ಬಿಟ್ಟರೆ ಮನೆಯಲ್ಲಿ ಕೊರತೆ ಏನೂ ಇಲ್ಲ ಎಂದು ಹೊರಗೆ ಕೇಳುವ ಹಾಗೆ ಪಿಸುಗುಟ್ಟಿದಳು.

ನಡುಮನೆಯಲ್ಲಿ ಮೂರ್ತಿ ಗಂಗಣ್ಣನ ಕುರ್ಚಿಯ ಹಿಂದೆ ನಿಂತು, ಅವನು ವಾಲದ ಹಾಗೆ ಎರಡೂ ಭುಜ ಒತ್ತಿ ಹಿಡಿದಿದ್ದ. ಗಂಗಣ್ಣ ನಮಸ್ಕಾರ ಮಾಡಲು ಕೈ ಎತ್ತಿದ. ಎರಡು ಕೈಯೂ ಒಂದಕ್ಕೊಂದು ಸಿಕ್ಕದೆ ಗಾಳಿಯಲ್ಲಿ ಹುಡುಕಾಡಿದವು. ಮುಖದಿಂದ ಬೆವರು ತೊಟ್ಟಿಕ್ಕುತ್ತಿತ್ತು. ಆದಿನಾರಾಯಣಪ್ಪ ಅವನನ್ನೇ ನೋಡಿದ. ಮನೆ ನೋಡಲಿಲ್ಲ, ಹೆಣ್ಣನ್ನು ಕರೆಯಿರಿ ಎನ್ನಲಿಲ್ಲ. ತನ್ನ ಕುರ್ಚಿಯನ್ನು ಎಳೆದು ಗಂಗಣ್ಣನ ಮಂಡಿಗೆ ಮಂಡಿ ತಾಗುವ ಹಾಗೆ ಹಾಕಿಕೊಂಡು ಕೂತ. ಮೂಗು ಅರಳಿಸಿದ. ಮೀಸೆಯ ಕೆಳಗೆ ಏನೋ ಸಣ್ಣಗೆ ನಗು ಬಂದು ಹೋಯಿತು.

ಬೇಸಾಯ, ಮಳೆ, ಏರ್‌ಪೋರ್ಟ್ ರಸ್ತೆಯ ಟ್ರಾಫಿಕ್ಕು ಎಲ್ಲ ಒಂದು ಸುತ್ತು ಬಂತು. ಅನುಸೂಯಮ್ಮ ಒಬ್ಬಟ್ಟು ಬಡಿಸಿದಳು. ಗಂಗಣ್ಣ ತನ್ನ ತಟ್ಟೆಯನ್ನು ದೂರ ತಳ್ಳಿದ. ಮೂರ್ತಿ ಬಗ್ಗಿ ಬೀಗರಿಗೆ ಕೇಳುವ ಹಾಗೆ, ಬೆಳಿಗ್ಗೆಯಿಂದ ಸ್ವಲ್ಪ ಹಾಗಾಗಿದೆ, ನೀವು ತಪ್ಪು ತಿಳಿಯಬೇಡಿ, ಸಂಜೆ ಹೊತ್ತಿಗೆ ಸರಿಹೋಗುತ್ತಾರೆ ಎಂದ. ಆದಿನಾರಾಯಣಪ್ಪ ಪರವಾಗಿಲ್ಲ ಎಂದು ತಲೆ ಆಡಿಸಿ ಇನ್ನೊಮ್ಮೆ ನಕ್ಕ.

ಆ ನಗುವಿಗೆ ಗಂಗಣ್ಣನ ನೆತ್ತಿಯವರೆಗೆ ಉರಿದುಹೋಯಿತು. ಮೂರ್ತಿಯ ಕೈ ಕೊಡವಿ ಎದ್ದ. ಹೆಂಡತಿಯ ಆಣೆ, ಊರಿನ ಮಾತು, ಎಲ್ಲವನ್ನೂ ಬಿಟ್ಟು ಅಂಗಿಯ ಗುಂಡಿ ಕಿತ್ತು ಹೊಟ್ಟೆ ತೋರಿಸಿದ. ಜೋತುಬಿದ್ದ ಚರ್ಮದ ಮೇಲೆ ಹೊಲಿಗೆಯ ಗುರುತುಗಳು ಅಲ್ಲೊಂದು ಇಲ್ಲೊಂದು ಇದ್ದವು.

"ನೋಡ್ಕಳಿ ಎಲ್ರೂ," ಎಂದ. "ಹೊಟ್ಟೆ ಕುಯ್ಸಿಕೊಂಡು ಬಂದಿರೋನು ನಾನು. ಸಿಹಿ ತಿಂದ್ರೆ ತಲೆ ಸುತ್ತುತ್ತೆ. ಲಾಡು ತುರುಕಿದ್ರಿ, ಪಾನಕ ಹೊಯ್ದ್ರಿ, ಗ್ಲೂಕೋಸ್ ಕುಡಿಸಿದ್ರಿ. ಕುಡ್ದವ್ನೆ ಅಂತ ಹೆಸ್ರು ಇಟ್ರಿ. ಕುಡೀತಿದ್ದಾಗ ಒಬ್ನಾದ್ರೂ ಬ್ಯಾಡ ಅಂದ್ರೇನ್ರೋ? ಒಂದು ವರ್ಷದಿಂದ ತೊಟ್ಟು ಮುಟ್ಟಿಲ್ಲ ನಾನು. ಅನುಮಾನ ಇದ್ರೆ ಬೆಂಗ್ಳೂರಿನ ಡಾಕ್ಟ್ರಿಗೆ ಫೋನ್ ಮಾಡಿ ಕೇಳಿ."

ಕಾಂಪೌಂಡರು ಹತ್ತಿರ ಬಂದು ಗುರುತುಗಳನ್ನು ನೋಡಿ, ಹೌದು, ಇದು ಅದೇ ಆಪರೇಷನ್ನು, ಹೀಗೇ ಆಗುತ್ತದೆ ಎಂದು ಮೆಲ್ಲಗೆ ಒಪ್ಪಿಕೊಂಡು ಚೀಲ ಎತ್ತಿಕೊಂಡು ಹೊರಟೇಹೋದರು. ಮೂರ್ತಿ ನೆಲ ನೋಡಿದ. ಮುತ್ತಮ್ಮ ಅಯ್ಯೋ ಶಿವನೇ ಎಂದು ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ರಮ್ಯ ಓಡಿ ಬಂದು ಅಪ್ಪನ ತೋಳು ಹಿಡಿದಳು, ಅಲ್ಲೇ ಮುಖ ಒತ್ತಿದಳು. ಬೆಳಿಗ್ಗೆಯಿಂದ ಮೊದಲ ಸಲ ಗಂಗಣ್ಣನ ಎದೆ ಹಗುರವಾಯಿತು. ನೆಟ್ಟಗೆ ನಿಂತು ಅಂಗಿಯ ಉಳಿದ ಗುಂಡಿ ಹಾಕಿಕೊಂಡ.

ಆದಿನಾರಾಯಣಪ್ಪನ ಮೀಸೆ ಮಾತ್ರ ಇಳಿದಿತ್ತು.

"ಹಂಗಾರೆ ಇನ್ಮೇಲೂ ಮುಟ್ಟಕಿಲ್ವಾ?" ಎಂದು ಕೇಳಿದ.

"ಸಾಯೋಗಂಟ ಮುಟ್ಟಕಿಲ್ಲ ಬೀಗರೇ," ಎಂದ ಗಂಗಣ್ಣ ಹೆಮ್ಮೆಯಿಂದ.

ಆದಿನಾರಾಯಣಪ್ಪ ಹೆಗಲ ಮೇಲಿನ ಟವಲನ್ನು ತೆಗೆದು ಇನ್ನೊಂದು ಮಡಿಕೆ ಮಡಿಸಿ ಎದ್ದು ನಿಂತ. ಹೆಂಡತಿಗೆ ಹೊರಡು ಎಂದು ಸನ್ನೆ ಮಾಡಿದ. ಏನಾಯಿತೆಂದು ಯಾರಿಗೂ ತಿಳಿಯಲಿಲ್ಲ. ಗಂಗಣ್ಣನೇ ಕೇಳಿದ.

ಆಗ ಆ ಮನುಷ್ಯ ತನ್ನ ಎದೆಯ ಸಂಕಟ ಹೇಳಿಕೊಂಡ. ಅವನ ದೊಡ್ಡ ಮಗನ ಮದುವೆಯಲ್ಲಿ ಸಿಕ್ಕ ಬೀಗ ಕುಡಿಯದವನು. ಬೀಗರ ಊಟದಲ್ಲಿ ಎಲ್ಲರೂ ಗ್ಲಾಸು ಹಿಡಿದು ಕೂತಿದ್ದರೆ ಅವನೊಬ್ಬ ಎದುರಿಗೆ ಮಜ್ಜಿಗೆ ಹಿಡಿದು ಕೂತು, ಯಾರು ಎಷ್ಟು ಹಾಕಿದರು ಎಂದು ಕಣ್ಣಲ್ಲೇ ಎಣಿಸಿದ. ಅಂದಿನಿಂದ ಲಕ್ಷ್ಮೀದೇವಮ್ಮ ಬೆಳಗಾದರೆ ಆ ಬೀಗನನ್ನು ನೋಡಿ ಕಲಿಯಿರಿ ಎನ್ನುತ್ತಾಳೆ. ಹಬ್ಬ ಬಂದರೆ ಅವನು ಬರುತ್ತಾನೆ, ಅವನು ಬಂದರೆ ಆದಿನಾರಾಯಣಪ್ಪ ಸ್ವಂತ ಮನೆಯಲ್ಲೇ ಕೊಟ್ಟಿಗೆಗೆ ಹೋಗಿ ಕದ್ದು ಕುಡಿಯಬೇಕು. ಎರಡನೆಯ ಮಗನ ಮದುವೆಯಲ್ಲಾದರೂ ಎದುರಿಗೆ ಗ್ಲಾಸು ಹಿಡಿದು ಕೂರುವ ಗಂಡಸು ಬೀಗನಾಗಿ ಸಿಗಲಿ ಎಂದು ಅವನು ಹರಕೆ ಹೊತ್ತಿದ್ದ. ಆವತಿಯ ಕಡೆ ಗಂಗಣ್ಣ ಅಂತ ಒಬ್ಬ ಇದ್ದಾನೆ ಎಂದು ಕೇಳಿ ಆಸೆಯಿಂದ ಬಂದಿದ್ದ.

"ಬಾಗಿಲಲ್ಲಿ ನಿಮ್ಮ ನೋಡಿದಾಗ ಎಷ್ಟು ಸಂತೋಷ ಆಯ್ತು ಗೊತ್ತಾ? ನನ್ನ ದೇವರು ಕಣ್ಬಿಟ್ಟ ಅಂದ್ಕೊಂಡೆ," ಎಂದ. ಮಡಿಸಿದ ಟವಲನ್ನು ಕಣ್ಣಿಗೆ ಒತ್ತಿಕೊಂಡ. "ಇನ್ನೊಬ್ಬ ಮಜ್ಜಿಗೆ ಬೀಗ ನನ್ನ ಕೈಲಾಗಲ್ಲ. ತಪ್ಪು ತಿಳೀಬೇಡಿ."

ಸುನಿಲ್‌ಕುಮಾರ್ ಅಪ್ಪನಿಗೆ ಅಡ್ಡ ನಿಂತು ಏನೋ ಹೇಳಲು ಹೋದ. ಆದಿನಾರಾಯಣಪ್ಪ ಒಂದು ಸಲ ತಿರುಗಿ ನೋಡಿದ್ದಕ್ಕೆ ಹುಡುಗ ಚಪ್ಪಲಿ ಹುಡುಕಲು ಬಾಗಿಲ ಕಡೆ ಹೋದ. ರಮ್ಯ ಅಪ್ಪನ ತೋಳು ಬಿಟ್ಟು ಗೋಡೆಗೆ ಒರಗಿದಳು.

ಗಂಗಣ್ಣ ಹೆಂಡತಿಯ ಕಡೆ ನೋಡಿದ. ಈ ಅನ್ಯಾಯಕ್ಕೆ ಉತ್ತರ ಕೊಡುವವಳು ಇದ್ದರೆ ಅವಳೊಬ್ಬಳೇ. ಎಷ್ಟೋ ಬಾಟಲಿಗಳನ್ನು ಬಚ್ಚಲಿಗೆ ಸುರಿದವಳು, ಬಾರಿನ ಮುಂದೆ ಪೊರಕೆ ಹಿಡಿದು ನಿಂತವಳು. ಆದರೆ ಅನುಸೂಯಮ್ಮ ಮಗಳ ಮುಖ ನೋಡುತ್ತಿದ್ದಳು. ನೋಡಿ ಮುಗಿಸಿ, ಮೂರ್ತಿಯ ಕಡೆ ತಿರುಗಿ, ಮನೆಯಲ್ಲಿ ಯಾರ ಹತ್ತಿರವಾದರೂ ಇದೆಯೇ ಎಂದು ಕೇಳಿದಳು. ಏನು ಎಂದು ಯಾರೂ ಕೇಳಲಿಲ್ಲ. ಬೆಳಿಗ್ಗೆಯಿಂದ ಊರಿಗೆಲ್ಲ ನೀತಿ ಹೇಳಿದ್ದ ಮೂರ್ತಿ ಹೊರಗೆ ಓಡಿ, ತನ್ನ ಸ್ಕೂಟರಿನ ಡಿಕ್ಕಿಯಿಂದ ತುಂಬಿದ ವಿಸ್ಕಿ ಬಾಟಲಿ ತಂದು ಅವಳ ಕೈಗಿಟ್ಟ.

"ಡಾಕ್ಟ್ರು ಏನಂದ್ರು ನೆನಪೈತಾ ನಿಂಗೆ?" ಎಂದ ಗಂಗಣ್ಣ.

"ಡಾಕ್ಟ್ರಿಗೆ ಮದುವೆಗಿರೋ ಮಗಳಿಲ್ಲ," ಎಂದಳು ಅನುಸೂಯಮ್ಮ. ಒಂದು ಹನಿಯೂ ಚೆಲ್ಲದೆ ಲೋಟಕ್ಕೆ ಬಗ್ಗಿಸಿದಳು. "ಒಂದೇ ಒಂದು. ಕಣ್ಮುಚ್ಕೊಂಡು ಹಾಕ್ಬುಡಿ."

ಗಂಗಣ್ಣ ಲೋಟ ಹಿಡಿದು ಸುತ್ತ ನೋಡಿದ. ಕುಡಿದ ಎಂದು ಬೆಳಿಗ್ಗೆಯಿಂದ ಬೈದವರೆಲ್ಲ ಈಗ ಕುಡಿ, ಕುಡಿ ಎಂದು ಕಣ್ಣಲ್ಲೇ ಬೇಡುತ್ತಿದ್ದರು. ಮುತ್ತಮ್ಮ ಕೂಡ. ಬೇಡಪ್ಪಾ ಎಂದು ರಮ್ಯ ತಲೆ ಆಡಿಸಿದಳು, ಆದರೆ ಅವಳ ಕಣ್ಣು ಬಾಗಿಲಲ್ಲಿ ಚಪ್ಪಲಿ ಹುಡುಕುತ್ತಿದ್ದ ಸುನಿಲ್‌ಕುಮಾರ್ ಕಡೆ ಹೋಗಿ ಬಂತು. ಗಂಗಣ್ಣ ಆ ಕಣ್ಣನ್ನು ನೋಡಿದ. ಇಡೀ ಊರನ್ನು, ಬೀಗನನ್ನು, ಏರ್‌ಪೋರ್ಟನ್ನು, ತನ್ನ ಹೊಟ್ಟೆಯನ್ನು ಒಂದೇ ಉಸಿರಿನಲ್ಲಿ ಬೈದು ಲೋಟ ಎತ್ತಿದ.

ಹಳೆಯ ಕಾಲದಲ್ಲಿ ಅದು ಹೊಟ್ಟೆಯಲ್ಲಿ ಕೂತು, ಕಾದು, ನಿಧಾನವಾಗಿ ಮೇಲೇರುತ್ತಿತ್ತು. ಈಗ ಎಲ್ಲೂ ನಿಲ್ಲಲಿಲ್ಲ. ಲೋಟ ಕೆಳಗಿಡುವಷ್ಟರಲ್ಲಿ ಕಿವಿಯಲ್ಲಿ ವಿಮಾನ ಹಾರಿತು. ಗೋಡೆ ಬಾಗಿತು, ಮೂರ್ತಿ ಇಬ್ಬರಾದ. ಗಂಗಣ್ಣ ಆದಿನಾರಾಯಣಪ್ಪನ ಕುತ್ತಿಗೆಗೆ ಜೋತುಬಿದ್ದು ನೀನೇ ನನ್ನ ಅಣ್ಣ ಎಂದ. ಆಮೇಲೆ ನೀನು ಮನುಷ್ಯನೇ ಅಲ್ಲ ಎಂದ. ನನ್ನ ಮಗಳ ಕಣ್ಣಲ್ಲಿ ನೀರು ಬಂದರೆ ನಿನ್ನ ಮೀಸೆ ಬೋಳಿಸುತ್ತೇನೆ ಎಂದು ಆ ಮೀಸೆಯನ್ನೇ ಹಿಡಿದುಕೊಂಡು ಅತ್ತ. ಅಳುತ್ತಲೇ ಜಾರಿ ಚಾಪೆಯ ಮೇಲೆ ಬಿದ್ದ.

ಆದಿನಾರಾಯಣಪ್ಪ ಮೀಸೆ ಸವರಿಕೊಂಡು ನಿಂತಿದ್ದ. ಅವನ ಕಣ್ಣು ಮೊದಲು ಚಾಪೆಯನ್ನು, ಆಮೇಲೆ ಮೇಜಿನ ಮೇಲಿದ್ದ ಬಾಟಲಿಯನ್ನು ನೋಡಿತು. ಬಾಟಲಿ ಹೆಚ್ಚುಕಡಿಮೆ ತುಂಬಿಯೇ ಇತ್ತು. ಅವನ ಮುಖ ಅರಳಿತು.

"ಒಂದೇ ಪೆಗ್ಗಿಗೆ ಇಷ್ಟೊಂದಾ?" ಎಂದ. "ಅಂದ್ರೆ ಮಿಕ್ಕಿದ್ದೆಲ್ಲ ನಂದೇನೇ. ಇಂಥಾ ಬೀಗ ಹುಡುಕಿದ್ರೂ ಸಿಗಾಕಿಲ್ಲ ಕಣಮ್ಮ. ಎಲೆ ಅಡಿಕೆ ತಗೊಂಡ್ಬನ್ನಿ."

ಎಲೆ ಅಡಿಕೆ ಬದಲಾಯಿತು. ಗಂಗಣ್ಣನ ಕೈಯನ್ನು ಮೂರ್ತಿ ಹಿಡಿದೆತ್ತಿ ತಟ್ಟೆ ಮುಟ್ಟಿಸಿದ. ಆದಿನಾರಾಯಣಪ್ಪ ಕುರ್ಚಿಗೆ ಒರಗಿ, ಬೀಗರ ಊಟಕ್ಕೆ ಇಬ್ಬರೂ ಎದುರುಬದುರು ಕೂರಬೇಕು, ಯುಗಾದಿಯ ಮಾರನೆಯ ದಿನದ ಹೊಸತೊಡಕಿನ ಬಾಡೂಟಕ್ಕೆ ತೂಬಗೆರೆಗೇ ಬರಬೇಕು, ಮಾರಮ್ಮನ ಹಬ್ಬಕ್ಕೆ ನಾನು ಇಲ್ಲಿಗೆ ಬರುತ್ತೇನೆ, ಮೊಮ್ಮಗು ಹುಟ್ಟಿದರಂತೂ ಕೇಳಲೇಬೇಡಿ ಎಂದು ಹೇಳುತ್ತಲೇ ಇದ್ದ. ಒಂದೊಂದು ಹಬ್ಬದ ಹೆಸರಿಗೂ ಗಂಗಣ್ಣ ಚಾಪೆಯ ಮೇಲಿನಿಂದ ತಲೆ ಎತ್ತಿ, ನನಗೆ ಆಪರೇಷನ್ ಆಗಿದೆ, ಲಿವರ್ ಕೆಟ್ಟಿದೆ, ಸತ್ತುಹೋಗುತ್ತೇನೆ ಎಂದು ಕೂಗಿದ. ಕುಡಿದಾಗ ಎಲ್ಲರೂ ಹೀಗೆಯೇ ಅನ್ನುವುದು ಎಂದು ಆದಿನಾರಾಯಣಪ್ಪ ಪ್ರೀತಿಯಿಂದ ಅವನ ಬೆನ್ನು ತಟ್ಟಿದ.

ಬೀಗರು ಹೋದ ಮೇಲೂ ಅವನು ಅಲ್ಲಿಯೇ ಬಿದ್ದಿದ್ದ. ಬೆಳಿಗ್ಗೆ ಕುಡಿಯದೆ ಬಿದ್ದಾಗ ಓಡಿಬಂದವರಲ್ಲಿ ಈಗ ಒಬ್ಬರೂ ಹತ್ತಿರ ಬರಲಿಲ್ಲ. ಅನುಸೂಯಮ್ಮ ಒಂದು ದಿಂಬು ತಂದು ತಲೆಯಡಿಗೆ ಇಟ್ಟು, ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದಳು. ಗಂಗಣ್ಣನ ಸಿಟ್ಟು ಮಾತ್ರ ಇಳಿದಿರಲಿಲ್ಲ. ಎದ್ದು ಹೋಗಿ ಒಬ್ಬೊಬ್ಬರನ್ನೂ ಹಿಡಿದು ಕೇಳಬೇಕೆಂದು ಕೈ ಊರಿದ. ಕೈ ಜಾರಿತು.

ಹೊರಗೆ ಜಗಲಿಯ ಮೇಲೆ ಮೂರ್ತಿಯ ಗಂಟಲು ಕೇಳಿಸಿತು. ಸೇರಿದ್ದವರಿಗೆಲ್ಲ ಗಟ್ಟಿಯಾಗಿ ಹೇಳುತ್ತಿದ್ದ.

"ಬೆಳಿಗ್ಗೆಯಿಂದ ಬಡ್ಕೋತಾನೇ ಇದೀನಿ, ಕುಡ್ದವ್ನೆ ಅಂತ. ನನ್ನ ಮಾತು ಯಾರು ಕೇಳ್ತೀರಾ? ಬೇಕಾದ್ರೆ ಈಗ ಒಳಗೋಗಿ ಬಾಯಿ ಮೂಸಿ ನೋಡಿ."

ಒಬ್ಬೊಬ್ಬರಾಗಿ ಒಳಗೆ ಬಂದು ಮೂಸಿ ನೋಡಿ ಹೋದರು.